ಬಾಲದ ಒಂಬತ್ತು ಕಿಲೋ

ಬೆಳಿಗ್ಗೆ ಹತ್ತೂಕಾಲಿಗೆ ವಿಮಾನದ ಬಾಲ ಇಪ್ಪತ್ತೊಂದು ಕಿಲೋ ತೂಗಿತು. ನಕ್ಷೆಯ ಪ್ರಕಾರ ಹನ್ನೆರಡು ಇರಬೇಕಿತ್ತು.

ತಪಾಸಣೆಗೆ ಬಂದಿದ್ದ ಅಧಿಕಾರಿ ತಕ್ಕಡಿಯ ಅಂಕಿಯನ್ನು ಎರಡು ಸಲ ನೋಡಿ ಬರೆದುಕೊಂಡರು. ಒಂಬತ್ತು ವರ್ಷ ಈ ಶೆಡ್ಡಿನಲ್ಲಿ ಬಡಗಿ ಒಬ್ಬನೇ ಕಟ್ಟಿದ ಒಂಟಿ ಸೀಟಿನ ವಿಮಾನ ಅದು. ಅವನ ಹಾರಾಟದ ಪರವಾನಗಿಗೆ ಉಳಿದಿದ್ದು ಹತ್ತೊಂಬತ್ತು ದಿನ. ಕಣ್ಣಿನ ನರ ಸೋಲುತ್ತಿದೆ, ಇನ್ನು ನವೀಕರಣಕ್ಕೆ ಸಹಿ ಹಾಕಲಾರೆ ಎಂದು ವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಬಾಲದಲ್ಲಿ ಏನು ಬದಲಾಯಿಸಿದಿರಿ ಎಂದು ಅಧಿಕಾರಿ ಕೇಳಿದರು. ಬದಲಾಯಿಸಿಲ್ಲ, ಸ್ವಲ್ಪ ಗಟ್ಟಿ ಮಾಡಿದ್ದೇನೆ ಎಂದ ಬಡಗಿ. ಮೂವತ್ತು ವರ್ಷ ಮಂಚ, ಬಾಗಿಲು ಮಾಡಿದ ಕೈ. ನಕ್ಷೆ ಆರು ನೂಲು ದಪ್ಪದ ಪಟ್ಟಿ ಎಂದರೆ ಎಂಟು ನೂಲಿನದು ಹಾಕದೆ ಅದಕ್ಕೆ ಸಮಾಧಾನವಿಲ್ಲ. ಪ್ರತಿ ಮೂಲೆಗೂ ಒಂದು ಆಸರೆ ತುಂಡು, ಅದರ ಮೇಲೆ ಇನ್ನೊಂದು ಕೈ ಅಂಟು. ಇದೇ ನಕ್ಷೆ ಹಿಡಿದು ಮೂರೇ ವರ್ಷದಲ್ಲಿ ಕಟ್ಟಿ ಹಾರಿಸಿದ ಹೆಂಡತಿಯ ತಮ್ಮನಿಗೆ ಅವನು ಅಡಿಕೋಲು ಎಂದು ಹೆಸರಿಟ್ಟಿದ್ದ. ಒಂದು ನೂಲು ಆಚೆ ಹೋಗಲ್ಲ, ಈಚೆ ಬರಲ್ಲ ಎಂದು ಊಟಕ್ಕೆ ಕೂತಾಗೆಲ್ಲ ಆಡಿಕೊಂಡಿದ್ದ.

"ಸರಿದೂಗೋಕೆ ಮೂತಿಗೆ ಸೀಸ ಕಟ್ಟಿದ್ರೆ?" ಎಂದ ಬಡಗಿ.

ಅಧಿಕಾರಿ ಲೆಕ್ಕ ಹಾಕಿ ತೋರಿಸಿದರು. ಬಾಲ ಉದ್ದ, ಮೂತಿ ಗಿಡ್ಡ. ಹಿಂದಿನ ಒಂಬತ್ತು ಕಿಲೋಗೆ ಮುಂದೆ ಇಪ್ಪತ್ತೊಂಬತ್ತು ಬೇಕು. ಅಷ್ಟು ಹೇರಿದರೆ ಒಟ್ಟು ತೂಕ ಮಿತಿ ಮೀರುತ್ತದೆ. ಹೀಗೇ ಹಾರಿಸಿದರೆ ಎದ್ದ ಮೂತಿ ಮತ್ತೆ ತಗ್ಗುವುದಿಲ್ಲ. ಬಾಲ ಕೊಯ್ದು ಹೊಸದು ಕಟ್ಟಬೇಕು, ಆರು ತಿಂಗಳ ಕೆಲಸ.

ಬಡಗಿ ಅವರ ಕೈ ಹಿಡಿದುಕೊಂಡ.

"ಒಂದೇ ಒಂದು ಸುತ್ತು ಸಾರ್. ಮೈದಾನ ದಾಟಲ್ಲ. ಬಿದ್ರೂ ನಾನೊಬ್ನೇ ತಾನೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಧಿಕಾರಿಯ ಕಡೆ ನೋಡಲಿಲ್ಲ. "ರೀ, ಮಂಚ ಮುರಿದ್ರೆ ನೆಲದ ಮೇಲೆ ಮಲಗ್ತೀವಿ. ಇದು ಮುರಿದ್ರೆ ಏನ್ಮಾಡೋಣ?"

ಅಧಿಕಾರಿ ಕೈ ಬಿಡಿಸಿಕೊಂಡು, ಅನುಮತಿ ಇಲ್ಲ ಎಂದು ಬರೆದು ಸಹಿ ಹಾಕಿದರು.

ಮಧ್ಯಾಹ್ನ ಬಡಗಿ ಸೀಟಿನ ಹಿಂದೆ ಪೆನ್ಸಿಲಿನಿಂದ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದು ಗರಗಸ ಇಟ್ಟ. ಅವನು ಗಟ್ಟಿ ಮಾಡಿದ ಒಂದು ಕೀಲೂ ಸುಲಭಕ್ಕೆ ಬಿಡಲಿಲ್ಲ. ಸಂಜೆವರೆಗೂ ಕೊಯ್ದ. ಆಮೇಲೆ ಅಡಿಕೋಲಿಗೆ ಫೋನ್ ಮಾಡಿದ.

"ನಿನ್ನ ನಕ್ಷೆ ತಗೊಂಡು ಬಾರಪ್ಪ. ನಂದ್ರಲ್ಲಿ ಪೂರ್ತಿ ಗೀಚಿಬಿಟ್ಟಿದೀನಿ."

ಏಳು ತಿಂಗಳ ನಂತರ ಬಾಲ ಹನ್ನೆರಡು ಕಿಲೋ ತೂಗಿತು. ವಿಮಾನವನ್ನು ಹಾರಿಸಿದ್ದು ಅಡಿಕೋಲು.