ಸುತ್ತಿಸುವ ಕೈ

ಬೆಳಗಿನ ಪಾರ್ಕಿನಲ್ಲಿ ಗಂಡಸರಿಗೇನೂ ಬರವಿರಲಿಲ್ಲ. ಆದರೆ ಅವರೆಲ್ಲ ಇಸ್ಪೀಟಿಗೆ ಅಂಟಿಕೊಂಡವರು, ಜೋಡಿಕುಣಿತ ಕುಣಿಯುವವರು ಹೆಂಗಸರೇ. ಜೋಡಿಯಲ್ಲಿ ಒಬ್ಬರು ಗಂಡಿನ ಹೆಜ್ಜೆ ಹಾಕಿ ಇನ್ನೊಬ್ಬರನ್ನು ಸುತ್ತಿಸಲೇಬೇಕು. ಎತ್ತರವಿದ್ದ ತಪ್ಪಿಗೆ ಅದು ಸುಚಿನ್ ಪಾಲಿಗೆ ಬಂತು. ಶಾಂಘೈನ ಆ ಮರಗಳ ಕೆಳಗೆ ಅವಳು ವರ್ಷಗಟ್ಟಲೆ ಗೆಳತಿ ಯೂಲಾನ್‌ಳನ್ನು ಸುತ್ತಿಸಿದಳು: ವಾಲ್ಟ್ಜ್‌ನ ಬಲಸುತ್ತು, ರುಂಬಾದಲ್ಲಿ ಎತ್ತಿದ ಕೈಯಡಿಯ ಸುತ್ತು, ಪಾದ ಊರಿ ಸೊಂಟವನ್ನಷ್ಟೇ ತಿರುಚುವ ಸುತ್ತು. ಸುತ್ತಿ ಬಂದಾಗಲೆಲ್ಲ ಯೂಲಾನ್ ಮುಖದಲ್ಲಿ ಒಂದು ನಗು ಅರಳುತ್ತಿತ್ತು. ಅದನ್ನೇ ನೋಡುತ್ತಾ, ತನಗೂ ಒಮ್ಮೆ ಆ ನಗು ಬರಬೇಕೆಂದು ಸುಚಿನ್ ಒಳಗೊಳಗೇ ಹಂಬಲಿಸುತ್ತಿದ್ದಳು.

ಹೀಗಿರುವಾಗ ನಿವೃತ್ತ ಬಸ್ ಚಾಲಕ ತಾಂಗ್, ಬೂಟಿಗೆ ಪಾಲಿಶ್ ಹಾಕಿಕೊಂಡು ಸುಚಿನ್ ಎದುರಿಗೆ ಬಂದು, "ಭಾನುವಾರ ನನ್ ಜೊತೆ ಒಂದು ರುಂಬಾ ಕುಣೀತೀರಾ?" ಎಂದ.

ಆಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಡುಗೆಮನೆಯ ಚಿಲಕ ಹಿಡಿದು ಸುತ್ತಿದಳು. ಗಂಜಿ ತಳ ಹಿಡಿಯಿತು. ತರಕಾರಿಯ ಸಾಲಿನಲ್ಲೂ ಹಿಮ್ಮಡಿ ತಾನಾಗಿ ತಿರುಗಿತು, ಹಿಂದಿದ್ದವಳು ಬೈದಳು.

ಭಾನುವಾರ ಹಾಡು ಶುರುವಾಯಿತು. ಸುತ್ತು ಬರುವ ಜಾಗದಲ್ಲಿ ತಾಂಗ್ ಕೈ ಎತ್ತಿದ. ಅಭ್ಯಾಸಬಲ, ಸುಚಿನ್ ಕೈಯೂ ಎದ್ದಿತು. ಇಬ್ಬರ ಕೈಯೂ ಮೇಲೆ, ಸುತ್ತುವವರು ಯಾರೂ ಇಲ್ಲ. ಎರಡನೇ ಸಲ ಇನ್ನೂ ಅನ್ಯಾಯ: ಅವಳ ಅಂಗೈ ತನ್ನಷ್ಟಕ್ಕೆ ಅವನ ಬೆನ್ನು ಒತ್ತಿತು, ತಾಂಗ್ ಬುಗುರಿಯಂತೆ ಒಂದು ಸುತ್ತು ಬಂದ. ಇಸ್ಪೀಟಿನವರು ಎಲೆ ಕೆಳಗಿಟ್ಟು ನಕ್ಕರು.

"ಲೇ ತಾಂಗ್, ಚೆನ್ನಾಗ್ ತಿರುಗ್ತೀಯ ಕಣೋ. ಒಂದ್ ಲಂಗ ತರಿಸ್ಲಾ?"

"ನಿಮಗೆ ಗಂಡಸ್ರು ಬೇಕಿಲ್ಲ ಬಿಡಿ," ಎಂದು ಸುಚಿನ್‌ಗೆ ಹೇಳಿ ತಾಂಗ್ ಹೊರಟೇಹೋದ.

ಅವಳು ಬೆಂಚಿನ ಮೇಲೆ ಕುಸಿದಳು. ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು. ಯೂಲಾನ್ ಸೋಯಾ ಹಾಲಿನ ಲೋಟ ಕೈಗಿಟ್ಟು ಪಕ್ಕದಲ್ಲಿ ಕೂತಳು.

"ಅವನು ಬೇಕಿತ್ತಾ ಅಕ್ಕ, ಸುತ್ತು ಬೇಕಿತ್ತಾ?"

"ಅವನನ್ನ ಕಟ್ಕೊಂಡು ಏನ್ ಮಾಡ್ಲಿ? ಸುತ್ತೇ ಕಣೆ. ಒಂದೇ ಒಂದ್ ಸಲ."

"ನನ್ ಹತ್ರ ಹೇಳೋಕೇನಾಗಿತ್ತು? ಏಳಕ್ಕ."

"ನಿಂಗೆಲ್ಲಿ ಬರತ್ತೆ ಗಂಡಿನ ಹೆಜ್ಜೆ?"

"ಇಷ್ಟು ವರ್ಷ ಸುತ್ತಿದೋಳು ನಾನು. ನಿನ್ನ ಕೈ ಯಾವಾಗ ಏಳತ್ತೆ, ಎಲ್ಲಿ ಒತ್ತತ್ತೆ, ನಿನಗಿಂತ ನಂಗೇ ಚೆನ್ನಾಗಿ ಗೊತ್ತು. ಕಣ್ಣು ಮುಚ್ಕೋ."

ಗಿಡ್ಡಿ ಯೂಲಾನ್ ತುದಿಗಾಲಲ್ಲಿ ನಿಂತು ಕೈ ಎತ್ತಿದಳು. ಸುಚಿನ್ ಕೈ ಮತ್ತೆ ಮೇಲೇಳಲು ನೋಡಿತು. ಯೂಲಾನ್ ಮೆಲ್ಲಗೆ ಅದುಮಿ ಹಿಡಿದಳು. ಬೆನ್ನ ಮೇಲೆ ಅಂಗೈ ಒತ್ತಿತು, ಅದೇ ಜಾಗ, ಅದೇ ಹದ. ಅದು ತನ್ನದೇ ಕೈ ಎಂದು ಸುಚಿನ್‌ಗೆ ಗುರುತು ಸಿಕ್ಕಿತು. ಮಂಡಿ ಬಗ್ಗಿಸಿ, ತಲೆ ತಗ್ಗಿಸಿ, ಅವಳು ಸುತ್ತಿದಳು.

ಕಣ್ಣು ತೆರೆದಾಗ ಮರಗಳು ಇನ್ನೂ ತಿರುಗುತ್ತಿದ್ದವು. ಯೂಲಾನ್ ಅವಳ ಮುಖದಲ್ಲಿ ಅರಳಿದ ನಗುವನ್ನೇ ನೋಡುತ್ತಾ ನಿಂತಿದ್ದಳು.

"ಓ, ಇದಕ್ಕೇನಾ ನೀನು ದಿನಾ ನನ್ನ ಹಂಗೆ ನೋಡ್ತಿದ್ದದ್ದು," ಎಂದಳು.