ಅತ್ಯುತ್ತಮ ಪೋಷಕಿ

ಜಗಳ ಆಡಿದವರಿಗೆ ಶಾಲು ಹೊದಿಸುತ್ತಾರೆ ಎಂಬುದು ಮಹಾನಂದಾಗೆ ಗೊತ್ತೇ ಇರಲಿಲ್ಲ.

ಅವಳ ಮಗಳು ಭಾಗ್ಯವಂತಿ ಪೀಣ್ಯದ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ. ಜುಲೈನಲ್ಲಿ ಗಣಿತದ ಮೇಷ್ಟ್ರು ಮುನಿಕೃಷ್ಣ ಅವರನ್ನು ಬಿಇಒ ಲಕ್ಷ್ಮಯ್ಯನವರು ‘ನಾಲ್ಕು ದಿನದ ಮಟ್ಟಿಗೆ’ ಎಂದು ತಮ್ಮ ಕಚೇರಿಯ ಕಂಪ್ಯೂಟರ್ ಕೆಲಸಕ್ಕೆ ಕರೆಸಿಕೊಂಡಿದ್ದರು. ದಸರಾ ರಜೆ ಕಳೆದರೂ ಆ ನಾಲ್ಕು ದಿನ ಮುಗಿದಿರಲಿಲ್ಲ. ಅರ್ಧವಾರ್ಷಿಕದಲ್ಲಿ ಭಾಗ್ಯಾಳಿಗೆ ಎಂಬತ್ತಕ್ಕೆ ಹದಿನೇಳು. ಮಾರ್ಚ್‌ನಲ್ಲೂ ಹೀಗೇ ಆದರೆ ಕಾರ್ಖಾನೆಯಲ್ಲಿ ತನ್ನ ಪಕ್ಕದ ಡ್ರಿಲ್ಲಿಂಗ್ ಮಷೀನೇ ಮಗಳಿಗೆ ಗತಿ ಎಂದು ಮಹಾನಂದಾಗೆ ಗೊತ್ತಿತ್ತು.

ಮೇಷ್ಟ್ರನ್ನು ವಾಪಸ್ ಕಳಿಸಿ ಎಂದು ಮುಖ್ಯೋಪಾಧ್ಯಾಯಿನಿ ಶ್ಯಾಮಲಾ ಪತ್ರ ಬರೆದರು. ‘ಫಲಿತಾಂಶ ಕುಸಿಯಲು ಕಾರಣ ತಿಳಿಸಿ’ ಎಂದು ಅವರಿಗೇ ನೋಟಿಸ್ ಬಂತು. ಮಹಾನಂದಾ ಮೂರು ಸಲ ಕಚೇರಿಗೆ ಹೋದಳು. ಮೂರು ಸಲವೂ ಟೀ ಕೊಟ್ಟರು, ಮೇಷ್ಟ್ರನ್ನು ಕೊಡಲಿಲ್ಲ. ನಾಲ್ಕನೆಯ ಸಲ ಇಪ್ಪತ್ತು ಜನ ತಾಯಂದಿರನ್ನು ಕಟ್ಟಿಕೊಂಡು ಹೋಗಿ ಬಾಯಿಗೆ ಬಂದಂತೆ ಬೈದು ಬಂದಳು. ಮರುವಾರವೇ ಶ್ಯಾಮಲಾ ಮೇಡಂ ಫೋನು.

“ಮಹಾನಂದಾ ಅವ್ರೇ, ರಾಜ್ಯೋತ್ಸವಕ್ಕೆ ನಿಮಗೆ ಸನ್ಮಾನ ಅಂತೆ. ಅತ್ಯುತ್ತಮ ಪೋಷಕಿ! ಬಿಇಒ ಸಾಹೇಬ್ರೇ ಹೆಸರು ಹಾಕಿಸಿದ್ದಾರೆ.”

“ನನಗ್ಯಾಕ್ರೀ ಮೇಡಂ? ನಾ ಅವರ್ನ ಬೈದು ಬಂದೀನಲ್ರಿ!”

“ಅದಕ್ಕೇ ಕಣ್ರೀ. ನಾವು ಬರೆದ್ರೆ ನೋಟಿಸು, ನೀವು ಬೈದ್ರೆ ಶಾಲು. ಒಳ್ಳೆ ಸೀರೆ ಉಟ್ಕೊಂಡು ಬನ್ನಿ.”

ಹೋದಳು. ಹಾರ, ಶಾಲು, ಹುಬ್ಬಿನ ತನಕ ಜಾರುವ ಮೈಸೂರು ಪೇಟ, ಎಲ್ಲಾ ಆಯಿತು. ಲಕ್ಷ್ಮಯ್ಯನವರು ಮೈಕಿನಲ್ಲಿ ಕರಗಿ ನೀರಾದರು.

“ನಾನೂ ಹನ್ನೊಂದು ವರ್ಷ ಲೆಕ್ಕದ ಮೇಷ್ಟ್ರಾಗಿದ್ದೋನು. ಈಗ್ಲೂ ಸೀಮೆಸುಣ್ಣ ಹಿಡೀಬೇಕು ಅನ್ಸತ್ತೆ. ಏನ್ಮಾಡೋದು, ಈ ಕುರ್ಚಿ ಬಿಡಲ್ಲ! ಈಗ ಈ ಮಹಾತಾಯಿ ಎರಡು ಮಾತಾಡ್ತಾರೆ.”

ಮಹಾನಂದಾ ‘ಧನ್ಯವಾದ’ ಅನ್ನುವುದೊಂದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಎರಡನೇ ಸಾಲಿನಲ್ಲಿ ಕೂತಿದ್ದ ಭಾಗ್ಯಾ ಅವ್ವನ ಮುಖ ನೋಡಿ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

“ಸಾಹೇಬ್ರ ಆಸೆ ಕೇಳಿ ಭಾಳ ಸಂಕಟ ಆತ್ರಿ,” ಎಂದಳು ಮಹಾನಂದಾ. “ನಮ್ಮ ಮಕ್ಕಳೂ ಲೆಕ್ಕದ ಮಾಸ್ತರ ಇಲ್ದ ಹಂಗೇ ಕುಂತಾವ. ಸೋಮವಾರ ಮುಂಜಾನೆ ಮೊದಲನೇ ಪಿರಿಯಡ್ಡು ಸಾಹೇಬ್ರದೇ. ಬೋರ್ಡು ನಾನೇ ಒರಸಿ ಇಡ್ತೀನ್ರಿ!”

ಹೇಳಿದ್ದಷ್ಟೇ ಅಲ್ಲ, ಹೆಗಲ ಮೇಲಿನ ಶಾಲು ತೆಗೆದು ಅವರಿಗೇ ಹೊದಿಸಿಬಿಟ್ಟಳು. ಹುಡುಗರು ಶಿಳ್ಳೆ ಹೊಡೆದರು. ಫೋಟೋದವನು ಕ್ಲಿಕ್ಕಿಸಿದ. ಶ್ಯಾಮಲಾ ಮೇಡಂ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಲಕ್ಷ್ಮಯ್ಯನವರು ಬೇರೆ ದಾರಿ ಕಾಣದೆ ಸಭೆಗೆ ಕೈ ಮುಗಿದರು.

ಸೋಮವಾರ ಸಂಜೆ ಮಹಾನಂದಾ ಕೆಲಸದಿಂದ ಬಂದಾಗ ಭಾಗ್ಯಾ ನೋಟ್‌ಬುಕ್ಕಿನ ತುಂಬ ತ್ರಿಕೋನ ಬರೆದುಕೊಂಡು ಕೂತಿದ್ದಳು.

“ಸಾಹೇಬ್ರು ಬಂದಿದ್ರೇನ?”

“ಇಲ್ಲವ್ವಾ, ಅವ್ರಿಗೆ ಬೆನ್ನುನೋವಂತೆ, ನಿಂತ್ಕೊಳ್ಳಕ್ಕೆ ಆಗಲ್ವಂತೆ. ಮುನಿಕೃಷ್ಣ ಸರ್‌ನೇ ಕಳಿಸಿದ್ದಾರೆ! ವಾರಕ್ಕೆ ಮೂರು ದಿನ.”

“ಉಳಿದ ಮೂರು ದಿನ?”

“ಆಫೀಸು. ಅವ್ವಾ, ಸಾಕು ಬಿಡು, ಪ್ಲೀಸ್…”

ಮಹಾನಂದಾ ಚಪ್ಪಲಿ ಸಹ ಬಿಟ್ಟಿರಲಿಲ್ಲ. ಅವತ್ತು ಕಚೇರಿಗೆ ಜೊತೆಗೆ ಬಂದಿದ್ದ ತಾಯಂದಿರಲ್ಲಿ ಒಬ್ಬರಿಗೆ ಫೋನು ಹಚ್ಚಿದಳು.

“ಗೌರಮ್ಮಾರ, ನಾಳೆ ನಿಮ್ದು ಸೆಕೆಂಡ್ ಶಿಫ್ಟ್ ಅಲ್ಲೇನ್ರಿ? ಮುಂಜಾನೆ ಕಚೇರಿಗೆ ಹೋಗೂಣು. ಇನ್ನೂ ಅರ್ಧಾ ಮಾಸ್ತರು ಅಲ್ಲೇ ಉಳದಾರ.”