ನಿದ್ದೆಗೆಟ್ಟ ಬಣ್ಣ

ಟಿವಿ ಸ್ಟುಡಿಯೋದಲ್ಲಿ ಮೇಕಪ್ ಮಾಡುವುದು ನನ್ನ ಕೆಲಸ. ಲಂಚದ ಹಗರಣದಲ್ಲಿ ಸಿಕ್ಕಿಬಿದ್ದ ಮಂತ್ರಿಯೊಬ್ಬರು ರಾಜೀನಾಮೆ ಘೋಷಿಸಲು ಬಂದು ನನ್ನೆದುರು ಕೂತರು. ಕಣ್ಣಿನ ಕೆಳಗಿನ ಕಪ್ಪು ಮುಚ್ಚಲು ಹೋದರೆ ಅಲ್ಲಿ ಕಪ್ಪೇ ಇರಲಿಲ್ಲ.

“ರಾತ್ರಿ ಒಳ್ಳೇ ನಿದ್ದೆ ಬಂತಮ್ಮ,” ಎಂದರು.

ಅವರ ಆಪ್ತ ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ. “ಜನ ಅಯ್ಯೋ ಪಾಪ ಅನ್ಬೇಕು. ನಿದ್ದೆಗೆಟ್ಟವರ ಥರ ಮಾಡಿ.”

ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕ ರಾತ್ರಿಯಿಡೀ ಎವೆ ಮುಚ್ಚದೆ ಕೂತು ನೇರ ಕೆಲಸಕ್ಕೆ ಬಂದವಳು ನಾನು. ಮಾದರಿಗೆ ದೂರ ಹೋಗಬೇಕಿರಲಿಲ್ಲ. ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಂಡು ಅದೇ ಬಣ್ಣ ಕಲಸಿ ಅವರಿಗೆ ಹಚ್ಚಿದೆ.

ಸಂಜೆ ಆಸ್ಪತ್ರೆಗೆ ಬಂದು ಸ್ಟೂಲಿನ ಮೇಲೆ ಕುಸಿದಾಗ ವಾರ್ಡಿನ ಟಿವಿಯಲ್ಲಿ ಅವರೇ ಇದ್ದರು.

“ಪಾಪ, ಆ ಮನುಷ್ಯ ನಿದ್ದೆನೇ ಮಾಡಿಲ್ಲ ನೋಡು,” ಎಂದರು ಅತ್ತೆ. “ನೀನೋ, ಕೂತಲ್ಲೇ ತೂಕಡಿಸ್ತೀಯ.”